ಸಿಂಹಕ್ಕೆ ಕನ್ನಡ ಬರುವುದಿಲ್ಲವೇ?



ಸಿಂಹ ಕಾಡಿನ ರಾಜ. ಆ ರಾಜ ಈಗ ಹಿಂದಿ ಮಾತಾಡುತ್ತಾನೆ. ತಮಿಳು ಮಾತಾಡುತ್ತಾನೆ. ತೆಲುಗು ಮಾತಾಡುತ್ತಾನೆ. ಇಂಗ್ಲಿಷಂತೂ ಅವನ ಮನೆಮಾತು. ಕನ್ನಡವೊಂದು ಮಾತ್ರ ಅವನ ಬಾಯಿಗೆ ಬರುವುದಿಲ್ಲ!

ಇದು ಒಗಟಲ್ಲ. 2024ರ ಡಿಸೆಂಬರ್ 20ರಂದು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದ ಡಿಸ್ನಿ ಕಂಪನಿಯ 'ಮುಫಾಸಾ: ದಿ ಲಯನ್ ಕಿಂಗ್' ಎಂಬ ಚಿತ್ರದ ಸಂಗತಿ. ಪೂರ್ತಿ ಕಂಪ್ಯೂಟರಿನಲ್ಲಿ ಬರೆದ ಸಿಂಹಗಳ ಚಿತ್ರ. 1994ರಲ್ಲಿ ಬಂದು ಜಗತ್ತಿನ ಮಕ್ಕಳ ಮನಸ್ಸು ಗೆದ್ದ 'ದಿ ಲಯನ್ ಕಿಂಗ್' ಚಿತ್ರಕ್ಕೆ ಇದು ಪೂರ್ವಕಥೆ. ಮುಂದಿನ ಕಥೆ ಮೊದಲೇ ಬಂತು, ಹಿಂದಿನ ಕಥೆ 30 ವರ್ಷ ತಡವಾಗಿ ಬಂತು. ಇದಕ್ಕೆ ಸಿನಿಮಾ ಮಂದಿ ಪ್ರೀಕ್ವೆಲ್ ಎನ್ನುತ್ತಾರೆ.

ಹಳೆಯದು ಮೇಲೋ ಹೊಸದು ಮೇಲೋ? ಈ ವಾದ ಎಲ್ಲ ಕಡೆ ನಡೆಯಿತು. ಮದರಾಸಿನ ಹುಡುಗ ತಮಿಳಿನಲ್ಲಿ ನೋಡಿ ತೀರ್ಪು ಹೇಳಿದ. ಹೈದರಾಬಾದಿನ ಹುಡುಗಿ ತೆಲುಗಿನಲ್ಲಿ ನೋಡಿ ತೀರ್ಪು ಹೇಳಿದಳು. ಲಖನೌದ ಮಗು ಹಿಂದಿಯಲ್ಲಿ ನೋಡಿತು. ನಮ್ಮ ಗದಗ-ಬೆಟಗೇರಿಯ ಮಗು, ಲಕ್ಷ್ಮೇಶ್ವರದ ಮಗು, ಶಿರಹಟ್ಟಿಯ ಮಗು, ಮುಂಡರಗಿಯ ಮಗು ಯಾವ ಮಾತಿನಲ್ಲಿ ನೋಡಬೇಕು? ಯಾವ ಮಾತಿನಲ್ಲಿ ತೀರ್ಪು ಹೇಳಬೇಕು?

"ಮಕ್ಕಳ ಸಿನಿಮಾಕ್ಕೂ ಒಂದು ಸಂಪಾದಕೀಯವೇ?" ಎಂದು ಮೂಗು ಮುರಿಯಬೇಡಿ. ಭಾಷೆ ಸಾಯುವುದು ವಿಧಾನಸೌಧದಲ್ಲಿ ಅಲ್ಲ. ಮಗುವಿನ ಆಟದಲ್ಲಿ, ಮಗುವಿನ ಕನಸಿನಲ್ಲಿ ಅದು ಮೊದಲು ಸಾಯುತ್ತದೆ. ಉಳಿದ ಕಡೆ ಸಾಯುವುದು ಆಮೇಲೆ.

ಗದುಗಿನ ಒರೆಗಲ್ಲು

ಮೊದಲು ತೀರ್ಪಿನ ಮಾತು. ಒಂದು ಹಳೆಯ ಪ್ರೀತಿಯ ಕಥೆಗೆ ಹೊಸಬರು ಹಿಂದೆಯೋ ಮುಂದೆಯೋ ಕಥೆ ಕಟ್ಟಿದರೆ ಅದನ್ನು ಅಳೆಯುವುದು ಹೇಗೆ? ಇದಕ್ಕೆ ಅಮೆರಿಕದ ವಿಮರ್ಶಕರನ್ನು ಕೇಳಬೇಕಾಗಿಲ್ಲ. ಗದುಗಿನವರಿಗೆ ಇದು ಐದಾರು ನೂರು ವರ್ಷದ ಹಳೆಯ ವಿದ್ಯೆ.

ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಕುಮಾರವ್ಯಾಸ ಭಾರತ ಬರೆದನೆಂಬುದು ನಮ್ಮ ಹಿರಿಯರ ನಂಬಿಕೆ. ಅವನು ಬರೆದದ್ದು ಹತ್ತು ಪರ್ವ. ದುರ್ಯೋಧನನ ತೊಡೆ ಮುರಿಯುವಲ್ಲಿಗೆ ಅವನ ಕಥೆ ನಿಂತಿತು. ಉಳಿದ ಪರ್ವಗಳನ್ನು ಆಮೇಲೆ ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಜನ ಇಬ್ಬರನ್ನೂ ಓದಿದರು, ಕೇಳಿದರು, ತೂಗಿದರು. ತಿಮ್ಮಣ್ಣನಿಗೆ ಕೊಡಬೇಕಾದ ಮರ್ಯಾದೆ ಕೊಟ್ಟರು. ಆದರೆ ಗಮಕಿಗಳು ಕೊರಳೆತ್ತಿ ಹಾಡಿದ್ದು ಕುಮಾರವ್ಯಾಸನನ್ನು. ಯಾವ ವಿಶ್ವವಿದ್ಯಾಲಯವೂ ಈ ತೀರ್ಪು ಕೊಡಲಿಲ್ಲ. ಊರ ಗುಡಿಯಲ್ಲಿ, ಚಾವಡಿಯಲ್ಲಿ ಕುಳಿತು ಕೇಳಿದ ಒಕ್ಕಲಿಗ, ನೇಕಾರ, ಹೆಣ್ಣುಮಕ್ಕಳು ಕೊಟ್ಟರು.

ಅದೇ ಕುಮಾರವ್ಯಾಸನಲ್ಲಿ ಪೂರ್ವಕಥೆಯ ಒರೆಗಲ್ಲೂ ಇದೆ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನನ್ನು ಬದಿಗೆ ಕರೆದು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅದುವರೆಗೆ ಕರ್ಣ ದುರ್ಯೋಧನನ ಪಕ್ಷದ ಒಬ್ಬ ವೀರ. ಹಿಂದಿನ ಕಥೆ ಬಾಯಿಬಿಟ್ಟ ಮರುಕ್ಷಣ ಮುಂದಿನ ಕಥೆಯೆಲ್ಲ ಬೇರೆಯಾಗಿಬಿಡುತ್ತದೆ. ಅವನು ಬಿಡುವ ಒಂದೊಂದು ಬಾಣವೂ ತಮ್ಮಂದಿರ ಮೇಲೆ ಬಿಟ್ಟ ಬಾಣವಾಗುತ್ತದೆ. ಪೂರ್ವಕಥೆ ಎಂದರೆ ಇದು! ಹಿಂದಿನ ಕಥೆ ಮುಂದಿನ ಕಥೆಯ ಭಾರ ಹೆಚ್ಚಿಸಬೇಕು. ಭಾರ ಹೆಚ್ಚಿಸದ ಪೂರ್ವಕಥೆ ಬರೀ ಚೌಕಾಶಿ ಅಂಗಡಿ.

ಒರೆಗೆ ಹಚ್ಚಿ ನೋಡಿ

1994ರ ಚಿತ್ರ ಕೈಯಲ್ಲಿ ಬರೆದ ಚಿತ್ರ. ಕಥೆ ಸರಳ. ಮುಫಾಸಾ ರಾಜ, ಸಿಂಬಾ ಅವನ ಕೂಸು. ರಾಜನ ತಮ್ಮ ಸ್ಕಾರ್ ಪಟ್ಟದ ಆಸೆಗೆ ಕಣಿವೆಯಲ್ಲಿ ಕಾಡುದನಗಳ ಹಿಂಡು ಬೆದರಿಸಿ ಓಡಿಸಿ ಅಣ್ಣನನ್ನು ಕೊಲ್ಲಿಸುತ್ತಾನೆ. ತಪ್ಪನ್ನು ಕೂಸಿನ ತಲೆಗೆ ಕಟ್ಟಿ ಓಡಿಸುತ್ತಾನೆ. ಕೂಸು ಬೆಳೆದು ತಿರುಗಿ ಬಂದು ಪಟ್ಟ ಗೆಲ್ಲುತ್ತದೆ. ಶಕುನಿಯನ್ನೂ ದಾಯಾದಿಗಳನ್ನೂ ಕಂಡ ನಮಗೆ ಈ ಕಥೆ ಹೊಸದಲ್ಲ. ಆದರೂ ಸತ್ತ ಅಪ್ಪನ ಮಗ್ಗುಲಲ್ಲಿ ಆ ಮರಿ ಮುದುರಿ ಮಲಗುವ ದೃಶ್ಯಕ್ಕೆ ಕಣ್ಣೀರು ಹಾಕದ ಮಕ್ಕಳಿಲ್ಲ. ಚಿತ್ರಕಾರರು ಸಿಂಹದ ಹುಬ್ಬು ಕುಣಿಸಿದರು, ತುಟಿ ಕೊಂಕಿಸಿದರು. ಸ್ಕಾರ್‌ನ ಮುಖ ನೋಡಿದರೆ ಸಾಕು, ಹೊಟ್ಟೆಕಿಚ್ಚು ಅಂದರೆ ಏನೆಂದು ನಾಲ್ಕು ವರ್ಷದ ಕೂಸಿಗೂ ತಿಳಿಯುತ್ತಿತ್ತು.

2019ರಲ್ಲಿ ಅದೇ ಕಥೆಯನ್ನು ಕಂಪ್ಯೂಟರಿನಲ್ಲಿ ನಿಜವಾದ ಸಿಂಹದಂತೆ ಕಾಣುವ ಹಾಗೆ ಮತ್ತೆ ಮಾಡಿದರು. ರೋಮ ರೋಮವೂ ನಿಜ! ಆದರೆ ನಿಜವಾದ ಸಿಂಹ ನಗುವುದಿಲ್ಲ, ಅಳುವುದಿಲ್ಲ. ರೋಮ ಬಂತು, ಮುಖ ಹೋಯಿತು. ಅದರ ಬೆನ್ನಿಗೇ ಬಂದದ್ದು ಬ್ಯಾರಿ ಜೆಂಕಿನ್ಸ್ ನಿರ್ದೇಶನದ 'ಮುಫಾಸಾ'.

ಈ ಪೂರ್ವಕಥೆಯಲ್ಲಿ ಮುಫಾಸಾ ಹುಟ್ಟಿನಿಂದ ರಾಜನಲ್ಲ. ನೆರೆನೀರಿನಲ್ಲಿ ತೇಲಿಹೋಗಿ ತಂದೆತಾಯಿ ಅಗಲಿದ ಪರದೇಶಿ ಮರಿ. ಟಾಕಾ ಎಂಬ ರಾಜಕುಮಾರ ಮರಿ ಅವನನ್ನು ಕಾಪಾಡುತ್ತದೆ. ಟಾಕಾನ ತಾಯಿ ಇವನನ್ನೂ ಸಾಕುತ್ತಾಳೆ, ಅವನ ತಂದೆಗೆ ಮಾತ್ರ ಈ ಬೀದಿಪಾಲು ಮರಿ ಸೇರುವುದಿಲ್ಲ. ಬಿಳಿ ಸಿಂಹಗಳ ದಾಳಿಗೆ ಮನೆ ಬಿಟ್ಟು ಇಬ್ಬರೂ ಹೊಸ ನಾಡು ಹುಡುಕಿ ಹೊರಡುತ್ತಾರೆ. ದಾರಿಯಲ್ಲಿ ಸರಾಬಿ ಎಂಬ ಹೆಣ್ಣು ಸಿಂಹ ಸಿಗುತ್ತದೆ. ಅದರ ಮನಸ್ಸು ಮುಫಾಸಾನ ಕಡೆ ವಾಲಿದಾಗ ಟಾಕಾನ ಎದೆಯಲ್ಲಿ ಬೆಂಕಿ. ಅವನು ಶತ್ರುವಿಗೆ ದಾರಿ ತೋರಿಸುತ್ತಾನೆ, ಕಡೆಯಲ್ಲಿ ಮುಫಾಸಾನನ್ನು ಉಳಿಸಲು ಹೋಗಿ ಮುಖಕ್ಕೆ ಗಾಯ ಮಾಡಿಕೊಳ್ಳುತ್ತಾನೆ. ಆ ಟಾಕಾನೇ ಮುಂದೆ ಸ್ಕಾರ್.

ನೀರಿನಲ್ಲಿ ತೇಲಿಬಂದ ಕೂಸು, ಸಾಕುತಾಯಿಯ ಮಡಿಲು, ಕುಲದ ಹಂಗಿಸುವಿಕೆ. ಇದು ಯಾರ ಕಥೆ ಎಂದು ಗದುಗಿನವರಿಗೆ ಬಿಡಿಸಿ ಹೇಳಬೇಕೇ? ಕರ್ಣನ ಕಥೆಯೇ ಅಲ್ಲವೇ? ಇದೊಂದೇ ಕಡೆ ಹೊಸ ಚಿತ್ರ ಗೆದ್ದಿದೆ. ಹಳೆಯ ಚಿತ್ರದಲ್ಲಿ ರಾಜನಾಗಲು ರಾಜನ ಮಗನಾಗಿರಬೇಕಿತ್ತು. ಹೊಸದು ಹೇಳುತ್ತದೆ: ಅಲ್ಲ, ರಾಜನ ತಂದೆಯೇ ಒಬ್ಬ ದಿಕ್ಕಿಲ್ಲದವನು, ಗುಣದಿಂದ ರಾಜನಾದವನು. ಕುಲ ಕುಲವೆಂದು ಹೊಡೆದಾಡುವ ನಾಡಿಗೆ ಇದು ಒಳ್ಳೆಯ ಮಾತು. ಇದನ್ನು ತಿಳಿದು ಹಳೆಯ ಚಿತ್ರ ಮತ್ತೆ ನೋಡಿದರೆ ಮುಫಾಸಾನ ಗಾಂಭೀರ್ಯಕ್ಕೆ ಇನ್ನೊಂದು ತೂಕ ಬರುತ್ತದೆ. ಇಷ್ಟರ ಮಟ್ಟಿಗೆ ಪೂರ್ವಕಥೆ ತನ್ನ ಕೆಲಸ ಮಾಡಿದೆ.

ಉಳಿದದ್ದು? ಸ್ಕಾರ್‌ನ ಅಧಿಕಾರದಾಹ ಹಳೆಯದರಲ್ಲಿ ಬೆತ್ತಲೆಯಾಗಿ ನಿಂತಿತ್ತು, ಅದಕ್ಕೇ ಹೆದರಿಕೆ ಹುಟ್ಟಿಸುತ್ತಿತ್ತು. ಈಗ ಅದು ಹೆಣ್ಣಿಗಾಗಿ ಹೊಟ್ಟೆಕಿಚ್ಚು ಎಂದಾಯಿತು. ಎಲ್ಲ ಸಿನಿಮಾದ ಎಲ್ಲ ಖಳರಿಗೂ ಇರುವ ಕಾರಣ! ಅದರ ಮೇಲೆ, ಮುದಿ ಕೋತಿಯ ಕೋಲು ಎಲ್ಲಿಂದ ಬಂತು, ಸಿಂಹಾಸನದ ಬಂಡೆ ಹೇಗಾಯಿತು, ಹಕ್ಕಿ ಯಾವಾಗ ಜೊತೆಯಾಯಿತು ಎಂದು ಒಂದೊಂದಕ್ಕೂ ವಿವರಣೆ. ಮನೆಯ ಚೆಂದ ನೋಡಲು ಬಂದವನಿಗೆ ಅಡಿಪಾಯದ ಕಲ್ಲು ಎಣಿಸಿ ತೋರಿಸಿದ ಹಾಗೆ. ನಡುನಡುವೆ ಕಥೆ ನಿಲ್ಲಿಸಿ ಟಿಮೋನ್, ಪುಂಬಾ ಎಂಬ ಜೋಡಿಯ ತಮಾಷೆ ಬೇರೆ.

ಆದ್ದರಿಂದ ನಮ್ಮ ತೀರ್ಪು: ಹಳೆಯದೇ ಮೇಲು. ಹೊಸದು ಹಳೆಯದರ ನೆರಳಿನಲ್ಲಿ ನಿಂತ ಮರ. ಒಂದು ಕೊಂಬೆಯಲ್ಲಿ ಹಣ್ಣಿದೆ.

ಈ ತೀರ್ಪು ನೀವು ಒಪ್ಪಬೇಕಾಗಿಲ್ಲ. ನಿಮ್ಮ ಮಗಳು "ಇಲ್ಲ, ಹೊಸದೇ ಛಲೋ ಐತಿ" ಎನ್ನಬಹುದು. ಎನ್ನಲಿ! ಆದರೆ ಆ ಮಗು ಆ ಮಾತು ಹೇಳಲು ಚಿತ್ರದ ಮಾತು ಅದಕ್ಕೆ ತಿಳಿದಿರಬೇಕಲ್ಲ?

ಹಾಸು ಸಾಕೇ, ಹೊಕ್ಕು ಬೇಡವೇ?

"ಪ್ರಾಣಿಗಳ ಚಿತ್ರ, ನೋಡಿದರೆ ಸಾಕು, ತಿಳಿಯುತ್ತದೆ" ಎನ್ನುವ ಬುದ್ಧಿವಂತರಿದ್ದಾರೆ. ಬೆಟಗೇರಿಯ ನೇಕಾರರನ್ನು ಕೇಳಿ. ಮಗ್ಗಕ್ಕೆ ಹಾಸು ಹೂಡಿದ ಮಾತ್ರಕ್ಕೆ ಸೀರೆಯಾಗುತ್ತದೆಯೇ? ಹೊಕ್ಕು ಬೀಳಬೇಕು. ಸಿನಿಮಾಕ್ಕೆ ಚಿತ್ರ ಹಾಸು, ಮಾತು ಹೊಕ್ಕು. ಮಾತು ತಿಳಿಯದ ಮಗು ಓಟ ನೋಡುತ್ತದೆ, ಹೊಡೆದಾಟ ನೋಡುತ್ತದೆ. ಟಾಕಾನ ತಂದೆ ಆ ಮರಿಯನ್ನು ಏನೆಂದು ಹೀಯಾಳಿಸಿದ, ಸಾಕುತಾಯಿ ಏನೆಂದು ಸಮಾಧಾನ ಹೇಳಿದಳು, ಅದು ಕೈಗೆ ಸಿಗುವುದಿಲ್ಲ. ಚಿತ್ರದಲ್ಲಿದ್ದ ಒಂದೇ ಹಣ್ಣು ಅದೇ. ಅದೇ ನಮ್ಮ ಮಕ್ಕಳಿಗೆ ಎಟುಕಲಿಲ್ಲ.

ಹಿಂದಿಯ ಮಗುವಿಗೆ ಏನು ಸಿಕ್ಕಿತು ನೋಡಿ. ಮುಫಾಸಾನಿಗೆ ಶಾರುಖ್ ಖಾನ್ ದನಿ. ತೆಲುಗಿನ ಮಗುವಿಗೆ ಮಹೇಶ್ ಬಾಬು ದನಿ. ಆ ತಮಾಷೆಯ ಜೋಡಿಗೆ ತೆಲುಗಿನಲ್ಲಿ ಬ್ರಹ್ಮಾನಂದಂ, ಅಲಿ! ತಮಿಳಿನಲ್ಲಿ ಅರ್ಜುನ್ ದಾಸ್ ದನಿ. ಅಂದರೆ ಆ ಭಾಷೆಗಳ ಹೆಸರಾಂತ ನಟರನ್ನು ಕರೆದು, ಕೂರಿಸಿ, ಮಾತಾಡಿಸಿದ್ದಾರೆ. ಗೌರವ ಕೊಟ್ಟಿದ್ದಾರೆ. ಕನ್ನಡಕ್ಕೆ? ಬಾಗಿಲು ಹಾಕಿದೆ.

2019ರಲ್ಲೂ ಇದೇ ಕಥೆ. ಹಿಂದಿ ಇತ್ತು, ತಮಿಳು ಇತ್ತು, ತೆಲುಗು ಇತ್ತು. ಕನ್ನಡ ಇರಲಿಲ್ಲ. ಐದು ವರ್ಷದಲ್ಲಿ ಸಿಂಹಕ್ಕೆ ಒಂದು ಮೊಮ್ಮಗಳೇ ಹುಟ್ಟಿ ಕಥೆ ಕೇಳುವ ಹಾಗಾಯಿತು. ಕನ್ನಡ ಕಲಿಯಲು ಮಾತ್ರ ಪುರಸೊತ್ತಾಗಲಿಲ್ಲ!

ಕಂಪನಿಗೆ ಕನ್ನಡ ಗೊತ್ತೇ ಇಲ್ಲವೇ? ಗೊತ್ತಿದೆ. ಇದೇ ಡಿಸ್ನಿ ತೆಕ್ಕೆಯ 'ಅವತಾರ್: ದಿ ವೇ ಆಫ್ ವಾಟರ್' 2022ರ ಡಿಸೆಂಬರಿನಲ್ಲಿ ಕನ್ನಡದಲ್ಲೂ ತೆರೆಗೆ ಬಂತು. ಬೇರೆ ಲೋಕದ ನೀಲಿ ಮೈಯವರಿಗೆ ಕನ್ನಡ ಬರುತ್ತದೆ, ಕಾಡಿನ ಸಿಂಹಕ್ಕೆ ಬರುವುದಿಲ್ಲ! ಇನ್ನೊಂದು ಕಂಪನಿ ಸೋನಿ. ಅದರ ಆನಿಮೇಷನ್ ಚಿತ್ರ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' 2023ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಂತು. ಕನ್ನಡವೂ ಅದರಲ್ಲಿತ್ತು. ಹಾಗಾದರೆ ಆಗದ ಕೆಲಸವಲ್ಲ ಇದು. ಮಾಡದ ಕೆಲಸ.

ಇನ್ನು ಕೊಡುಕೊಳ್ಳುವಿಕೆ ನೋಡಿ. ನಮ್ಮಲ್ಲೂ ಒಂದು ಪೂರ್ವಕಥೆ ಬಂತು. 2022ರ 'ಕಾಂತಾರ'ಕ್ಕೆ ಹಿಂದಿನ ಕಥೆಯಾಗಿ 2025ರ ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1'. ಅದು ಕನ್ನಡದಲ್ಲಿ ಹುಟ್ಟಿ ಹಿಂದಿ, ತೆಲುಗು, ತಮಿಳು, ಮಲಯಾಳಂ, ಬಂಗಾಳಿಗಳಲ್ಲಿ ಆಯಾ ಜನರ ಮಾತಿನಲ್ಲೇ ಹೋಯಿತು. ಕನ್ನಡದವರು ಪರರ ಮನೆಗೆ ಹೋಗುವಾಗ ಅವರ ಮಾತು ಕಲಿತು ಹೋಗುತ್ತಾರೆ. ನಮ್ಮ ಮನೆಗೆ ಬರುವವರು ಮಾತ್ರ "ನಿಮಗೆ ಹಿಂದಿ ಬರ್ತದಲ್ರೀ" ಎನ್ನುತ್ತಾರೆ. ಇದೆಂಥ ನ್ಯಾಯ?

"ಅರ್ಥವಾಗುತ್ತದಲ್ಲ" ಎಂಬ ಮಾತು ಈ ನೆಲಕ್ಕೆ ಹೊಸದೂ ಅಲ್ಲ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಅರಸರ ಮಾತು ಮರಾಠಿ. ನಮ್ಮ ಅಜ್ಜಂದಿರಿಗೆ ಮರಾಠಿ ಅರ್ಥವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಅರ್ಥವಾಗುವುದು ಬೇರೆ, ತನ್ನದಾಗುವುದು ಬೇರೆ ಎಂದು ಅವರಿಗೆ ತಿಳಿದಿತ್ತು. ಅದಕ್ಕೇ 1956ರಲ್ಲಿ ನಾವೆಲ್ಲ ಒಂದೇ ಕನ್ನಡ ರಾಜ್ಯದೊಳಗೆ ಬಂದೆವು.

"ಡಬ್ಬಿಂಗ್ ಬೇಡ ಎಂದವರು ನೀವೇ ಅಲ್ಲವೇ?"

ಈ ಪ್ರಶ್ನೆ ಬರುತ್ತದೆಂದು ಗೊತ್ತು. ತಪ್ಪಿಸಿಕೊಳ್ಳುವುದಿಲ್ಲ.

1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದ ಹಿರಿಯರು ಡಬ್ಬಿಂಗ್ ವಿರುದ್ಧ ಎದ್ದು ನಿಂತರು. ಆಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಗಿದ್ದ ಕೂಸು. ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿ ಬಿಟ್ಟರೆ ಕನ್ನಡದ ನಟನಿಗೆ, ತಂತ್ರಜ್ಞನಿಗೆ ಅನ್ನವೆಲ್ಲಿ? ಅವರು ಬೇಲಿ ಹಾಕಿದರು. ಸಸಿಗೆ ಬೇಲಿ ಬೇಕಿತ್ತು. ಅವರ ಕೆಚ್ಚಿಗೆ ತಲೆಬಾಗುತ್ತೇವೆ.

ಆದರೆ ಕಾಲ ನಿಂತಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಬಾಗಿಲು ತೆರೆದು ಹತ್ತು ವರ್ಷವಾಯಿತು. ಇನ್ನೂ "ನೀವು ಬೇಡ ಅಂದಿದ್ದಿರಿ" ಎನ್ನುವ ಕಂಪನಿಯದು ಬರೀ ನೆಪ.

ಕನ್ನಡ ಚಳವಳಿಯೊಳಗೇ ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಇರಲಿ. ನಟರು ಅಭಿನಯಿಸಿದ ಚಿತ್ರದ ಡಬ್ಬಿಂಗ್ ಬಗ್ಗೆ ಹಿರಿಯರು ಇನ್ನೂ ವಾದಿಸಲಿ. ಆದರೆ ಬರೆದ ಚಿತ್ರದ ಸಂಗತಿಯೇ ಬೇರೆ. ಯೋಚಿಸಿ ನೋಡಿ: ಸಿಂಹಕ್ಕೆ ಇಂಗ್ಲಿಷ್ ತಾಯ್ನುಡಿಯೇ? ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಯಾರೋ ಮೈಕಿನ ಮುಂದೆ ನಿಂತು ಆಡಿದ ಮಾತನ್ನು ಅದರ ಬಾಯಿಗಿಟ್ಟಿದ್ದಾರೆ. ಇಂಗ್ಲಿಷೂ ಅಂಟಿಸಿದ ಮಾತೇ! ಅಲ್ಲಿ ಯಾವ ಕನ್ನಡ ನಟನ ಪಾತ್ರವೂ ಹೋಗುವುದಿಲ್ಲ. ಬದಲಿಗೆ ಕನ್ನಡದ ದನಿ ಕಲಾವಿದರಿಗೆ, ಮಾತು ಬರೆಯುವವರಿಗೆ, ಹಾಡುವವರಿಗೆ ಕೆಲಸ ಸಿಗುತ್ತದೆ. 2009ರಲ್ಲೇ ಚಿಂಟು ಟಿವಿ ಬಂದು ಮಕ್ಕಳ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸಿತು. ಯಾವ ಚಿತ್ರರಂಗ ಮುಳುಗಿತು? ನಮ್ಮ ಮಕ್ಕಳು ಬೆಕ್ಕು ಇಲಿಗಳ ಜೊತೆ ಕನ್ನಡದಲ್ಲಿ ನಕ್ಕರು, ಅಷ್ಟೇ.

ಕನ್ನಡದಲ್ಲಿ ಬಂದಾಗ ಏನಾಗುತ್ತದೆ?

ಅದಕ್ಕೂ ಸಾಕ್ಷಿಯಿದೆ. 2025ರ ಜುಲೈ 25ರಂದು 'ಮಹಾವತಾರ್ ನರಸಿಂಹ' ಎಂಬ ಆನಿಮೇಷನ್ ಚಿತ್ರ ಬಂತು. ನಿರ್ದೇಶಕ ಅಶ್ವಿನ್ ಕುಮಾರ್. ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಸಂಸ್ಥೆ. ಕನ್ನಡದಲ್ಲೂ ಬಂತು. ಹಿರಣ್ಯಾಕ್ಷ, ವರಾಹಾವತಾರದ ಹಿಂದಿನ ಕಥೆಯಿಂದ ಶುರುವಾಗಿ ಪ್ರಹ್ಲಾದನ ಕಥೆಗೆ ಬರುವ ಚಿತ್ರ ಅದು.

ಕನ್ನಡಿಗರಿಗೆ ಪ್ರಹ್ಲಾದನ ಕಥೆ ಎಂದರೆ 1983ರ 'ಭಕ್ತ ಪ್ರಹ್ಲಾದ'. ಹಿರಣ್ಯಕಶಿಪುವಾಗಿ ಅಣ್ಣಾವ್ರು, ಕಯಾದುವಾಗಿ ಸರಿತಾ, ನಾರದನಾಗಿ ಅನಂತನಾಗ್, ಪ್ರಹ್ಲಾದನಾಗಿ ಪುಟ್ಟ ಪುನೀತ್. ಈಗ ಮನೆಮನೆಯಲ್ಲಿ ತಕರಾರು ಶುರುವಾಗಲು ಎಲ್ಲ ಸಾಮಾನೂ ಇತ್ತು. "ನರಸಿಂಹ ಕಂಬ ಒಡೆದು ಬಂದದ್ದು ನೋಡಬೇಕು" ಎಂದು ಮೊಮ್ಮಗ. "ಆ ಗರ್ಜನೆ ಇರಲಿ, ರಾಜಕುಮಾರನ ಒಂದು ನಗೆಗೆ ಸಮ ಏನದು?" ಎಂದು ಅಜ್ಜಿ.

ನಮ್ಮನ್ನು ಕೇಳಿದರೆ, ಅಬ್ಬರದಲ್ಲಿ ಹೊಸದು ದೊಡ್ಡದು. ಕಡೆಯ ನರಸಿಂಹನ ದೃಶ್ಯಗಳಲ್ಲಿ ಕಂಪ್ಯೂಟರು ಮಾಡಬಲ್ಲದ್ದನ್ನು ಹಳೆಯ ಕ್ಯಾಮೆರಾ ಮಾಡಲಾರದು. ಆದರೆ ಮಗನನ್ನು ಕೊಲ್ಲಲು ಹೊರಟ ತಂದೆಯ ಎದೆಯಲ್ಲಿ ಮಮತೆಯೂ ಸುಡುತ್ತಿತ್ತು ಎಂಬುದನ್ನು ಮಾತಿನ ಏರಿಳಿತದಲ್ಲಿ ತೋರಿಸಿದ್ದು ರಂಗಭೂಮಿಯಲ್ಲಿ ಪಳಗಿದ ಆ ಕಂಠ. ಗುಬ್ಬಿ ಕಂಪನಿಯಲ್ಲಿ ಕಲಿತ ವಿದ್ಯೆ ಅದು. ಕಂಪನಿ ನಾಟಕ ನೋಡಿ ಬೆಳೆದ ಗದುಗಿನ ಕಿವಿಗೆ ಮಾತಿನ ಬೆಲೆ ಗೊತ್ತು. ಇಲ್ಲೂ ಹಳೆಯದೇ ಮೇಲು.

ಆದರೆ ಗಮನಿಸಿ: ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ಮಾತಿನಲ್ಲಿ ಜಗಳವಾಡಬಹುದಿತ್ತು. ಅಜ್ಜಿ ಹೊಸದನ್ನು ನೋಡಬಲ್ಲಳು, ಮೊಮ್ಮಗ ಹಳೆಯದನ್ನು ನೋಡಬಲ್ಲ. ಎರಡು ತಲೆಮಾರು ಒಂದು ಕಥೆಯ ಸುತ್ತ ಕೂತವು. 'ಮುಫಾಸಾ' ವಿಷಯದಲ್ಲಿ ಆ ಅಜ್ಜಿಗೆ ಜಾಗವೇ ಇಲ್ಲ. ಹಿಂದಿಯ ಸಿಂಹ ಅವಳ ಮೊಮ್ಮಗನನ್ನು ಅವಳ ಮಡಿಲಿನಿಂದ ಎತ್ತಿಕೊಂಡು ಹೋಯಿತು. ನಾವು ಹೇಳಬೇಕೆಂದದ್ದು ಇಷ್ಟೇ. ಕಳೆದುಹೋದದ್ದು ಒಂದು ಸಿನಿಮಾ ಅಲ್ಲ, ಒಂದು ಮನೆಯ ಜಗಳ. ಒಂದೇ ಮಾತಿನಲ್ಲಿ ಜಗಳವಾಡುವ ಮನೆಯಲ್ಲಿ ಭಾಷೆ ಬದುಕುತ್ತದೆ.

ನಮ್ಮವರಿಗೂ ಒಂದು ಮಾತು

ಪರರನ್ನು ಬೈದು ಸುಮ್ಮನಾದರೆ ಅದು ಪ್ರಾಮಾಣಿಕತೆಯಲ್ಲ. 2020ರಲ್ಲಿ 'ಪುಣ್ಯಕೋಟಿ' ಎಂಬ ಆನಿಮೇಷನ್ ಚಿತ್ರ ಬಂತು. ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ, ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರ. ಇಳಯರಾಜಾ ಸಂಗೀತ. ಕಥೆ ನಮ್ಮ ಗೋವಿನ ಹಾಡು. ಕನ್ನಡದ ಪ್ರತಿ ತಾಯಿ ತೊಟ್ಟಿಲ ಪಕ್ಕ ಹಾಡಿದ, ಪ್ರತಿ ಮಗು ಶಾಲೆಯಲ್ಲಿ ಕಲಿತ, ಕೊಟ್ಟ ಮಾತಿಗೆ ತಪ್ಪದ ಹಸುವಿನ ಕಥೆ. ಚಿತ್ರದ ಭಾಷೆ? ಸಂಸ್ಕೃತ!

ಅವರ ಶ್ರಮಕ್ಕೆ ನಮಸ್ಕಾರ. ಸಂಸ್ಕೃತದ ಮೇಲೆ ನಮಗೆ ಹಗೆಯಿಲ್ಲ. ಆದರೆ ಕನ್ನಡದ ಮೂಲಹಾಡು ಬಲ್ಲ ಮಗು ಆ ಚಿತ್ರವನ್ನು ಮೂಲದ ಜೊತೆ ತೂಗುವುದು ಹೇಗೆ? ನಮ್ಮ ಹಟ್ಟಿಯ ಹಸು ತೆರೆಯ ಮೇಲೆ ಬಂದು ನಮಗೆ ತಿಳಿಯದ ಮಾತಾಡಿತು. ಕನ್ನಡದ ಕಥೆಗೆ ಕನ್ನಡದ ಹಣವಂತರು ಮುಂದೆ ಬಂದು, "ಮೊದಲು ಕನ್ನಡದಲ್ಲಿ ಮಾಡಿ, ಖರ್ಚು ನಮ್ಮದು" ಎಂದಿದ್ದರೆ? ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಹಳೆಯ ಕಾಯಿಲೆ ಎಂದು ಹೋದೀತು?

ಎಂಥ ಕನ್ನಡ?

ಕನ್ನಡ ಬಂದರೆ ಸಾಲದು, ಕನ್ನಡವಾಗಿ ಬರಬೇಕು. ಹಿಂದಿಯ ವಾಕ್ಯಕ್ಕೆ ಕನ್ನಡದ ಟೋಪಿ ಹಾಕಿದ ಮಾತು ನಮಗೆ ಬೇಡ. ಲಕ್ಷ್ಮೇಶ್ವರದವರಿಗೆ ಇದನ್ನು ಕೇಳುವ ಹಕ್ಕು ಉಳಿದವರಿಗಿಂತ ಹೆಚ್ಚು. ಅವರ ಊರೇ ಹಿಂದಿನ ಪುಲಿಗೆರೆ. ತಿರುಳುಗನ್ನಡದ ಸೀಮೆ ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು. ಆದಿಕವಿ ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳುಗನ್ನಡ ಎಂದು ಹೆಮ್ಮೆಪಟ್ಟ. ಹತ್ತನೆಯ ಶತಮಾನದಲ್ಲಿ ಮಹಾಭಾರತದ ಅರ್ಜುನನಿಗೆ ಲಕ್ಷ್ಮೇಶ್ವರದ ಕನ್ನಡ ಬರುತ್ತಿತ್ತು. ಇಪ್ಪತ್ತೊಂದನೆಯ ಶತಮಾನದ ಸಿಂಹಕ್ಕೆ ಬರುವುದಿಲ್ಲವೇ?

ಆನಿಮೇಷನ್ನಿನ ಅಜ್ಜನೂ ನಮ್ಮಲ್ಲೇ ಇದ್ದಾನೆ. ತೊಗಲುಗೊಂಬೆಯಾಟ ಮತ್ತೇನು? ಪರದೆಯ ಹಿಂದೆ ದೀಪ, ಪರದೆಯ ಮೇಲೆ ಬಣ್ಣದ ತೊಗಲಿನ ರಾಮ ರಾವಣ, ಹಿಂದಿನಿಂದ ಕಲಾವಿದನ ದನಿ. ಗೊಂಬೆಗೆ ಮಾತು ಕೊಟ್ಟವನು ಕಲಾವಿದ. ನಡುವೆ ನಗಿಸಲು ಕಿಳ್ಳೇಕ್ಯಾತ, ಬಂಗಾರಕ್ಕ. ರಾಮ ಗಂಭೀರವಾಗಿ ಮಾತಾಡಿದರೆ, ಈ ಜೋಡಿ ಊರಿನ ಆಡುಮಾತಿನಲ್ಲಿ ಮಾತಾಡುತ್ತದೆ. ಟಿಮೋನ್, ಪುಂಬಾ ಜೋಡಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಹಿಂದಿಯಲ್ಲಿ ಆ ಜೋಡಿ ಬೊಂಬಾಯಿಯ ಬೀದಿಮಾತು ಆಡುತ್ತದೆ. ಕನ್ನಡದಲ್ಲಿ ಅದು ನಮ್ಮ ಗದಗ ಸೀಮೆಯ ಮಾತಾಡಲಿ! "ಏನಲೇ, ಹೊಟ್ಟಿ ಹಸಿದೈತೇನು?" ಎಂದು ಆ ಕಾಡುಹಂದಿ ಕೇಳಿದರೆ ಮುಂಡರಗಿಯ ಮಗು ಕುರ್ಚಿಯಿಂದ ಬಿದ್ದು ನಗದಿದ್ದರೆ ಕೇಳಿ. ಸಿನಿಮಾದ ಕನ್ನಡವೆಂದರೆ ಬೆಂಗಳೂರಿನದೊಂದೇ ಎಂಬ ಭ್ರಮೆಯೂ ಆಗ ಹರಿಯುತ್ತದೆ.

ನೀವು ಮಾಡಬೇಕಾದದ್ದು

ಓದುಗ ಬಂಧುಗಳೇ, ಕಲ್ಲು ಹಿಡಿಯುವ ಕೆಲಸ ಇದಲ್ಲ. ಬಾಯಿಬಿಟ್ಟು ಕೇಳುವ ಕೆಲಸ.

ಮುಂದೆ ಯಾವುದೇ ಮಕ್ಕಳ ಚಿತ್ರ ನಿಮ್ಮೂರ ಚಿತ್ರಮಂದಿರಕ್ಕೆ ಬಂದಾಗ ಟಿಕೆಟ್ ಕಿಟಕಿಯಲ್ಲಿ ಮೊದಲ ಪ್ರಶ್ನೆ ಇದಾಗಲಿ: "ಕನ್ನಡದಾಗ ಐತೇನ್ರೀ?" ಇಲ್ಲ ಎಂದರೆ ಮಾಲೀಕರಿಗೆ ಹೇಳಿ, ಅವರು ವಿತರಕರಿಗೆ ಹೇಳಲಿ. ಒಬ್ಬ ಕೇಳಿದರೆ ಹುಚ್ಚ ಎನ್ನುತ್ತಾರೆ. ನೂರು ಜನ ಕೇಳಿದರೆ ಅದಕ್ಕೆ ಮಾರುಕಟ್ಟೆ ಎನ್ನುತ್ತಾರೆ. ಕಂಪನಿಗೆ ತಿಳಿಯುವುದು ಅದೊಂದೇ ಭಾಷೆ.

ಮೊಬೈಲಿನಲ್ಲೋ ಟಿವಿಯಲ್ಲೋ ಚಿತ್ರ ಹಚ್ಚುವಾಗ ಭಾಷೆಯ ಪಟ್ಟಿ ತೆರೆದು ನೋಡಿ. ಕನ್ನಡವಿದ್ದರೆ ಅದನ್ನೇ ಒತ್ತಿ. ನೀವು ಹಿಂದಿ ಒತ್ತಿದರೆ, "ಗದುಗಿನವರಿಗೆ ಹಿಂದಿ ಸಾಕು" ಎಂದು ಅಲ್ಲಿ ಲೆಕ್ಕ ಬರೆದುಕೊಳ್ಳುತ್ತಾರೆ. ನಿಮ್ಮ ಬೆರಳೇ ನಿಮ್ಮ ಮತ.

ಕನ್ನಡದಲ್ಲಿ ಬಂದ ಚಿತ್ರವನ್ನು ತಪ್ಪದೆ ನೋಡಿ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೊಗಳಬೇಡಿ. ಮಾತು ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಎನ್ನಿ. ಕುಮಾರವ್ಯಾಸನನ್ನೂ ತಿಮ್ಮಣ್ಣನನ್ನೂ ತೂಗಿದ ತಕ್ಕಡಿ ನಿಮ್ಮದು, ಅದನ್ನು ಮೂಲೆಗೆಸೆಯಬೇಡಿ. ಮಾಸ್ತರರೇ, ಅಕ್ಕೋರೇ, ಶಾಲೆಯಲ್ಲಿ ಮಕ್ಕಳಿಗೆ ಹಳೆಯದನ್ನೂ ಹೊಸದನ್ನೂ ತೋರಿಸಿ, "ಯಾವುದು ಛಲೋ, ಯಾಕೆ?" ಎಂದು ಕನ್ನಡದಲ್ಲಿ ಬರೆಸಿ. ತೀರ್ಪು ಹೇಳಲು ಕಲಿತ ಮಗುವನ್ನು ನಾಳೆ ಯಾರೂ ಮೋಸ ಮಾಡಲಾರರು.

ಆ ಚಿತ್ರದ ಮುಫಾಸಾ ನೆಲೆಯಿಲ್ಲದ ಪರದೇಶಿ, ತನ್ನ ನಾಡು ಹುಡುಕಿ ಹೊರಟವನು. ಕನ್ನಡದ ಮಗುವಿಗೆ ನಾಡು ಇದೆ. ಆದರೆ ತೆರೆಯ ಮುಂದೆ ಕೂತಾಗ ಅದೇ ಪರದೇಶಿಯಾಗುತ್ತಿದೆ. ಅದಕ್ಕೆ ಅದರ ಮಾತು ಕೊಡಿಸುವುದು ಹಿರಿಯರಾದ ನಮ್ಮ ನಿಮ್ಮ ಹೊಣೆ.

ಸಿಂಹಕ್ಕೆ ಕನ್ನಡ ಬರುತ್ತದೆ, ಬಂಧುಗಳೇ. ಕಲಿಸಬೇಕಾದವರು ಕೇಳಬೇಕು, ಅಷ್ಟೇ.

ಸಿರಿಗನ್ನಡಂ ಗೆಲ್ಗೆ!